ಅಭಿಮಾನಿಯ ವಿಮರ್ಶೆ: ಯುವ ಬರಹಗಾರರೊಬ್ಬರಿಗೆ ಪತ್ರ

ಹಾಸನ

ಪ್ರಿಯ ಮಿತ್ರರೇ,

ಬ್ರಿಟನ್ನಿನ '2000 ಎಡಿ' ಎಂಬ ವೈಜ್ಞಾನಿಕ ಕಾಲ್ಪನಿಕ ಕಾಮಿಕ್ ವಾರಪತ್ರಿಕೆಯ ಕ್ರಿಸ್‌ಮಸ್ ವಿಶೇಷಾಂಕವನ್ನು ಓದಿ ನೀವೂ ಸಕಲೇಶಪುರದ ನಿಮ್ಮ ಗೆಳೆಯರೂ ಬರೆದಿರುವ ವಿಮರ್ಶೆಗಳ ಕಟ್ಟು ಕೈಸೇರಿತು. ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆಯೂ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಎಲ್ಲರೂ ಓದಿ, ಎಲ್ಲರೂ ಬರೆದಿದ್ದೀರಿ ಎಂಬುದು ಸಂತೋಷದ ಸಂಗತಿ. ಅಭಿಮಾನಿಯಾದವನು ವಿಮರ್ಶೆ ಬರೆಯುವಾಗ ತನ್ನ ಅಭಿಮಾನವನ್ನು ಬದಿಗಿಡಬೇಕೇ ಎಂದು ಜೊತೆಗಿಟ್ಟ ಚೀಟಿಯಲ್ಲಿ ಕೇಳಿದ್ದೀರಿ. ಬದಿಗಿಡಬೇಕಾಗಿಲ್ಲ ಎಂದೇ ನನ್ನ ಅಭಿಪ್ರಾಯ. ಒಂದು ಪತ್ರಿಕೆಯನ್ನು ಮೆಚ್ಚಿದವರಷ್ಟು ಹತ್ತಿರದಿಂದ ಅದನ್ನು ಬೇರೆ ಯಾರೂ ಓದುವುದಿಲ್ಲ. ಆದರೆ ಆ ಮೆಚ್ಚುಗೆ ಪುಟವನ್ನು ದಿಟ್ಟಿಸಿ ನೋಡುವ ಕೆಲಸಕ್ಕೆ ಬರಬೇಕು. ನೀವು ಕಳಿಸಿದ ಬರಹಗಳಲ್ಲಿ ಅದು ಬಹುಪಾಲು ಪುಟವನ್ನು ನೋಡದೆಯೇ ಮುಂದೆ ಹೋಗುವುದಕ್ಕೆ ಅನುಮತಿ ಕೊಟ್ಟಂತಿದೆ.

ನಮ್ಮಲ್ಲಿ ದೀಪಾವಳಿ, ಯುಗಾದಿ ವಿಶೇಷಾಂಕಗಳು ಬಂದ ಮೇಲೆ ಪ್ರಕಟವಾಗುವ ಓದುಗರ ಪತ್ರಗಳನ್ನು ನೆನಪಿಸಿಕೊಳ್ಳಿ. ಮುಖಪುಟ ಆಕರ್ಷಕವಾಗಿದೆ, ಕಥೆಗಳು ಮನಮುಟ್ಟುವಂತಿವೆ, ಒಟ್ಟಿನಲ್ಲಿ ಸಂಗ್ರಹಯೋಗ್ಯ ಸಂಚಿಕೆ ಎಂಬ ಧಾಟಿಯ ಪತ್ರಗಳು ಪ್ರತಿ ವರ್ಷವೂ ಇರುತ್ತವೆ. ಅವುಗಳಿಂದ ಸಂಪಾದಕರಿಗೆ ಖುಷಿಯಾಗುತ್ತದೆ, ಬರೆದವರಿಗೂ ಹಬ್ಬದ ಶುಭಾಶಯ ಹೇಳಿದ ತೃಪ್ತಿ ಸಿಗುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮಾತುಗಳನ್ನು ಸಂಚಿಕೆಯ ಒಂದು ಪುಟವನ್ನೂ ತೆರೆಯದೆ ಬರೆಯಬಹುದು. ನಿಮ್ಮ ಗೆಳೆಯರು ಪ್ರತಿ ಕಥೆಯ ಕೆಳಗೆ ಹಾಕಿರುವ ಹತ್ತಕ್ಕೆ ಎಂಟು, ಹತ್ತಕ್ಕೆ ಆರೂವರೆ ಎಂಬ ಅಂಕಗಳೂ ಅದೇ ಜಾತಿಯವು. ಆ ಅರ್ಧ ಅಂಕ ಎಲ್ಲಿ ಹೋಯಿತು ಎಂದು ಕೇಳಿದರೆ ಅವರಲ್ಲಿ ಉತ್ತರ ಇದ್ದೇ ಇರುತ್ತದೆ. ಆ ಉತ್ತರವನ್ನೇ ಬರೆದು ಅಂಕವನ್ನು ಅಳಿಸಿಬಿಡಲು ಹೇಳಿ.

ಇದನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೇ ಎಂದು ನಿಮಗೆ ಅನ್ನಿಸಬಹುದು. ವೈಜ್ಞಾನಿಕ ಕಥಾಸಾಹಿತ್ಯದ ಚರಿತ್ರೆಯಲ್ಲಿ ಅಭಿಮಾನಿಗಳ ಪತ್ರಗಳಿಗೆ ಇರುವಷ್ಟು ತೂಕ ಬೇರೆ ಯಾವ ಪ್ರಕಾರದಲ್ಲೂ ಇಲ್ಲವೆಂದೇ ಹೇಳಬೇಕು. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಅಮೆರಿಕದಲ್ಲಿ 'ಅಮೇಜಿಂಗ್ ಸ್ಟೋರೀಸ್' ಆರಂಭಿಸಿ, ಓದುಗರ ಪತ್ರಗಳನ್ನು ಅವರ ವಿಳಾಸದೊಂದಿಗೆ ಅಚ್ಚು ಹಾಕಿದ್ದರಿಂದ, ದೂರದೂರದ ಊರುಗಳಲ್ಲಿ ಒಂಟಿಯಾಗಿ ಓದುತ್ತಿದ್ದ ಹುಡುಗರು ಪರಸ್ಪರ ಪತ್ರ ಬರೆದುಕೊಳ್ಳತೊಡಗಿದರು. 1930ರ ದಶಕದ ಆರಂಭಕ್ಕೆ ತಾವೇ ಕೈಯಾರೆ ಪ್ರತಿ ತೆಗೆದು ಹಂಚುವ ಸಣ್ಣ ಪತ್ರಿಕೆಗಳನ್ನು ಹೊರಡಿಸಿದರು. ಹಾಗೆ ಪತ್ರಿಕೆ ಹೊರಡಿಸಿದ ಹುಡುಗರಲ್ಲಿ ಒಬ್ಬ ಜೆರ್ರಿ ಸೀಗಲ್, ಮುಂದೆ 1938ರಲ್ಲಿ ಗೆಳೆಯನೊಂದಿಗೆ ಸೂಪರ್‌ಮ್ಯಾನ್‌ನನ್ನು ಓದುಗರ ಮುಂದಿಟ್ಟವನು. ಇನ್ನೊಬ್ಬ ಜೂಲಿಯಸ್ ಶ್ವಾರ್ಟ್ಸ್, ಡಿಸಿ ಕಾಮಿಕ್ಸ್‌ನ ಸಂಪಾದಕನಾದ ಮೇಲೆ ಗರ್ನ್ಸ್‌ಬ್ಯಾಕ್‌ನ ದಾರಿಯನ್ನೇ ಹಿಡಿದು 1960ರ ದಶಕದಲ್ಲಿ ಪತ್ರ ಬರೆದವರ ಪೂರ್ಣ ವಿಳಾಸ ಛಾಪಿಸಿದವನು. ಅಂದರೆ, ಸಂಚಿಕೆಯೊಂದನ್ನು ಓದಿ ಜಗಳವಾಡುವ ನಿಮ್ಮ ಗುಂಪಿಗೆ ಸಾಕಷ್ಟು ಹಳೆಯ ವಂಶಾವಳಿಯೇ ಇದೆ.

ಇನ್ನು ವಿಶೇಷಾಂಕದ ವಿಷಯ. 1977ರ ಫೆಬ್ರವರಿ 26ರ ದಿನಾಂಕ ಹೊತ್ತು ಹೊರಬಂದ ಈ ಪತ್ರಿಕೆಯ ಮಾಮೂಲಿ ಸಂಚಿಕೆಯಲ್ಲಿ ಸುಮಾರು ಐದು ಕಥೆಗಳಿರುತ್ತವೆ, ಒಂದೊಂದಕ್ಕೂ ಐದಾರು ಪುಟ ಮಾತ್ರ. ಅಭಿಮಾನಿಗಳ ಬಾಯಲ್ಲಿ ಸಂಚಿಕೆ 'ಪ್ರಾಗ್' ಆಗುತ್ತದೆ. ಬೀಟಲ್‌ಜ್ಯೂಸ್ ನಕ್ಷತ್ರದ ಕಡೆಯಿಂದ ಬಂದ ಟಾರ್ಗ್ ಎಂಬ ಹಸಿರು ಜೀವಿಯೇ ಅದರ ಸಂಪಾದಕ ಎಂಬ ತಮಾಷೆಯನ್ನು ಪತ್ರಿಕೆ ಇಂದಿಗೂ ನಗದೆ ಗಂಭೀರ ಮುಖದಿಂದಲೇ ನಡೆಸಿಕೊಂಡು ಬಂದಿದೆ. ವರ್ಷಾಂತ್ಯದ ವಿಶೇಷಾಂಕ ಮಾತ್ರ ದಪ್ಪಗಾಗಿ 100 ಪುಟದ ಆಸುಪಾಸಿಗೆ ಬೆಳೆಯುತ್ತದೆ, ಮತ್ತು ರಜೆಯ ಕಾರಣ ಮೂರು ವಾರ ಅಂಗಡಿಯಲ್ಲಿರುತ್ತದೆ. ಈ ಪದ್ಧತಿಗೆ ನಾಂದಿ ಹಾಡಿದ್ದು 1999ರ ಡಿಸೆಂಬರಿನಲ್ಲಿ ಬಂದ ಸಂಚಿಕೆ. ವಾರದ ಎಣಿಕೆಯನ್ನು ಲೆಕ್ಕಿಸದೆ ಅದಕ್ಕೆ 2000 ಎಂಬ ಸಂಖ್ಯೆ ಕೊಟ್ಟರು. ಎಣಿಕೆಯ ಪ್ರಕಾರ ನಿಜವಾದ 2000ನೇ ಸಂಚಿಕೆ ಬರಲು 2016ರವರೆಗೆ ಕಾಯಬೇಕಾಯಿತು. ಇವೆಲ್ಲ ನಿಮಗೆ ಬಾಯಿಪಾಠ ಇರಬಹುದು, ಆದರೆ ನಿಮ್ಮ ವಿಮರ್ಶೆಯನ್ನು ಓದುವ ಅರಸೀಕೆರೆಯ ಓದುಗರಿಗೆ ಇಲ್ಲ.

ಇಂಥ ಸಂಚಿಕೆಯಲ್ಲಿ ಎಲ್ಲ ಕಥೆಗಳೂ ಒಂದೇ ಉದ್ದೇಶದಿಂದ ಬಂದು ಕೂತಿರುವುದಿಲ್ಲ. ಕೆಲವು ಅಲ್ಲಿಯೇ ಆರಂಭವಾಗಿ ಅಲ್ಲಿಯೇ ಮುಗಿಯುವ ಹಬ್ಬದ ಕಥೆಗಳು. ಕೆಲವು ಹೊಸ ವರ್ಷದಲ್ಲಿ ವಾರವಾರವೂ ಮುಂದುವರಿಯಲಿರುವ ಧಾರಾವಾಹಿಯ ಮೊದಲ ಕಂತುಗಳು. ಮತ್ತೆ ಕೆಲವು, ಬಹಳ ದಿನ ಕಾಣದಿದ್ದ ಪಾತ್ರವೊಂದು ಬಂದು ಮುಖ ತೋರಿಸಿ ಹೋಗುವಂಥವು. ನಿಮ್ಮ ಕಟ್ಟಿನಲ್ಲಿರುವ ದೊಡ್ಡ ಅನ್ಯಾಯವೆಂದರೆ ಮೊದಲ ಕಂತನ್ನು ಇಡೀ ಕಥೆಯೆಂಬಂತೆ ತೂಗಿರುವುದು. "ಏನೂ ನಡೆಯಲಿಲ್ಲ" ಎಂದು ಒಬ್ಬರು ಬರೆದಿದ್ದಾರೆ. ಬಯಲಾಟಕ್ಕೆ ಹೋಗಿ ಒಡ್ಡೋಲಗ ಮುಗಿಯುವಷ್ಟರಲ್ಲಿ ಎದ್ದುಬಂದು ಪ್ರಸಂಗದಲ್ಲಿ ಯುದ್ಧವೇ ಇರಲಿಲ್ಲ ಎಂದರೆ ಹೇಗೋ ಹಾಗಾಯಿತು. ಮೊದಲ ಕಂತಿಗೆ ಕೇಳಬೇಕಾದ ಪ್ರಶ್ನೆ ಬೇರೆ: ಆರು ಪುಟದಲ್ಲಿ ಅದು ಯಾವ ಲೋಕವನ್ನು ಕಟ್ಟಿತು, ಯಾರ ಕಷ್ಟವನ್ನು ನಮ್ಮ ತಲೆಗೆ ಹಚ್ಚಿತು, ಕೊನೆಯ ಚೌಕಟ್ಟಿನಲ್ಲಿ ಯಾವ ಬಾಗಿಲನ್ನು ತೆರೆದಿಟ್ಟಿತು. ಅದೇ ರೀತಿ, ಹಳೆಯ ಪಾತ್ರ ಮರಳಿ ಬಂದಾಗ ಅಭಿಮಾನಿಗೆ ಆಗುವ ಸಂತೋಷಕ್ಕೂ ಆ ಕಥೆಯ ಗುಣಕ್ಕೂ ಸಂಬಂಧ ಇರಲೇಬೇಕೆಂದಿಲ್ಲ; ಮುಖ ಕಂಡದ್ದಕ್ಕೆ ಹಿಗ್ಗಿದೆವೋ, ಬಂದ ಮೇಲೆ ಅದು ಮಾಡಿದ್ದಕ್ಕೆ ಹಿಗ್ಗಿದೆವೋ ಎಂಬುದನ್ನು ಬರೆಯುವ ಮೊದಲು ವಿಚಾರಿಸಿಕೊಳ್ಳಬೇಕು.

ನನ್ನ ಮುಖ್ಯ ತಕರಾರು ಚಿತ್ರಗಳ ಬಗ್ಗೆ. ನಿಮ್ಮೆಲ್ಲರ ಬರಹಗಳಲ್ಲಿ ಕಥೆಯ ಸಾರಾಂಶ ಪುಟಗಟ್ಟಲೆ ಇದೆ, ಚಿತ್ರಕ್ಕೆ ಮಾತ್ರ "ಅದ್ಭುತ" ಎಂಬ ಒಂದೇ ಮಾತು ಸಿಕ್ಕಿದೆ. ಕಾಮಿಕ್‌ನಲ್ಲಿ ಕಥೆ ಹೇಳುವುದೇ ಚಿತ್ರ. ಎಲ್ಲ ಅಭಿಮಾನಿಗಳಿಗೂ ಗೊತ್ತಿರುವ ಒಂದು ಚೌಕಟ್ಟನ್ನೇ ನೋಡೋಣ. ಭವಿಷ್ಯದ ನಗರವೊಂದರಲ್ಲಿ ಕಾನೂನು ಕಾಯುವ, ಈ ಪತ್ರಿಕೆಯ ಪ್ರಸಿದ್ಧ ನಾಯಕ ಜಡ್ಜ್ ಡ್ರೆಡ್‌ನ 1981ರ ಕಥೆಯೊಂದರಲ್ಲಿ, ತನ್ನ ಮುಖವನ್ನು ನೋಡಿದವರನ್ನು ಭಯದಿಂದಲೇ ಕೊಲ್ಲುವ ಜಡ್ಜ್ ಫಿಯರ್ ಶಿರಸ್ತ್ರಾಣದ ಕದ ತೆರೆದು ಡ್ರೆಡ್‌ಗೆ ತನ್ನ ಮುಖ ತೋರಿಸುತ್ತಾನೆ. ಡ್ರೆಡ್ ಅದಕ್ಕೆ ಉತ್ತರವಾಗಿ ಮುಷ್ಟಿಯನ್ನೇ ತೋರಿಸುತ್ತಾನೆ. ಬ್ರಯಾನ್ ಬೊಲ್ಯಾಂಡ್ ಬರೆದ ಆ ಚಿತ್ರದಲ್ಲಿ ಮುಷ್ಟಿ ತೆರೆದ ಕದದೊಳಗೆ ನುಗ್ಗಿ ತಲೆಯ ಹಿಂಬದಿಯಿಂದ ಹೊರಬಂದಿದೆ. ಹೊಡೆಯಲು ಕೈ ಎತ್ತಿದ್ದು ಅಲ್ಲಿಲ್ಲ, ತಗುಲಿದ ಕ್ಷಣವೂ ಇಲ್ಲ. ಓದುಗ ಕಣ್ಣು ಹಾಯಿಸುವಷ್ಟರಲ್ಲಿ ಏಟು ಆಗಿಹೋಗಿದೆ. ಡ್ರೆಡ್ ಹೆದರುವವನಲ್ಲ ಎಂದು ಹೇಳಲು ಒಂದು ಪುಟ ಸಂಭಾಷಣೆ ಬೇಕಾಗಿತ್ತು, ಅದನ್ನು ಬೊಲ್ಯಾಂಡ್ ಒಂದೇ ಚೌಕಟ್ಟಿನಲ್ಲಿ ಮುಗಿಸಿದ್ದಾನೆ. ನಿಮ್ಮ ವಿಶೇಷಾಂಕದಲ್ಲಿ ಇಷ್ಟು ದೊಡ್ಡ ಚಿತ್ರ ಇಲ್ಲದಿರಬಹುದು. ಆದರೂ ಕಥೆಗೊಂದು ಚೌಕಟ್ಟನ್ನು ಆರಿಸಿಕೊಂಡು, ಅದರಲ್ಲಿ ಕಲಾವಿದ ಏನನ್ನು ತೋರಿಸಿದ, ಏನನ್ನು ತೋರಿಸದೆ ಬಿಟ್ಟ ಎಂದು ನಾಲ್ಕು ಸಾಲು ಬರೆದರೆ, ನಿಮ್ಮ ಸಾರಾಂಶದ ಮುಕ್ಕಾಲು ಭಾಗ ತಾನಾಗಿಯೇ ಬೇಡವಾಗುತ್ತದೆ.

ಈ ಅಭ್ಯಾಸಕ್ಕೆ ನೀವು ದೂರ ಹೋಗಬೇಕಾಗಿಯೂ ಇಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ರಾಮಾಯಣ, ಮಹಾಭಾರತದ ಪ್ರಸಂಗಗಳು ಒಂದರ ಪಕ್ಕ ಒಂದರಂತೆ ಸಾಗಿವೆ, ಓದುಗನೇ ನಡೆಯುತ್ತ ಓದಬೇಕು. ಅಲ್ಲಿಯ ಚಕ್ರವ್ಯೂಹದ ಕೆತ್ತನೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ವ್ಯೂಹದ ಸುರುಳಿ ಮೇಲಿನಿಂದ ನೋಡಿದಂತಿದೆ, ಯೋಧರು ಮಾತ್ರ ನೆಲದ ಮೇಲೆ ನಿಂತು ನೋಡಿದಂತಿದ್ದಾರೆ. ಒಂದೇ ಕಲ್ಲಿನಲ್ಲಿ ಎರಡು ಕಡೆಯಿಂದ ನೋಡುವ ಈ ಉಪಾಯವನ್ನು ನಿಮ್ಮದೇ ಮಾತಿನಲ್ಲಿ ಬರೆದು ನೋಡಿದರೆ, ಅಂತರಿಕ್ಷ ನೌಕೆಯ ನಕಾಶೆಯನ್ನೂ ಅದರೊಳಗೆ ಓಡುವ ಮನುಷ್ಯರನ್ನೂ ಒಂದೇ ಪುಟದಲ್ಲಿ ಹೊಂದಿಸಿದ ಕಲಾವಿದನ ಬಗ್ಗೆ ಬರೆಯುವುದು ಕಷ್ಟವಾಗದು.

ಕಲಾವಿದರ ಹೆಸರುಗಳ ವಿಚಾರಕ್ಕೆ ಬಂದರೆ, ನಿಮ್ಮ ಕಟ್ಟಿನಲ್ಲಿ ಲೇಖಕರ ಹೆಸರುಗಳು ಮಾತ್ರ ಇವೆ. ಬ್ರಿಟನ್ನಿನ ಕಾಮಿಕ್‌ಗಳಲ್ಲಿ ಬರೆದವರ, ಚಿತ್ರಿಸಿದವರ ಹೆಸರು ಹಾಕುವ ಪದ್ಧತಿಯೇ ಬಹುಮಟ್ಟಿಗೆ ಇಲ್ಲದಿದ್ದ ಕಾಲದಲ್ಲಿ, ಈ ಪತ್ರಿಕೆ ಕಥೆಯ ಜೊತೆ ಪುಟ್ಟ ಚೀಟಿಯೊಂದನ್ನು ಅಚ್ಚು ಹಾಕಿ, ಟಾರ್ಗ್‌ನ ಕೈಕೆಳಗಿನ ರೋಬಾಟ್‌ಗಳೆಂಬ ನೆಪದಲ್ಲಿ, ಕಥೆ ಬರೆದವರು, ಚಿತ್ರ ಬರೆದವರು, ಅಕ್ಷರ ಬರೆದವರು ಎಲ್ಲರ ಹೆಸರನ್ನೂ ಕೊಡತೊಡಗಿತು. ಅದನ್ನು ಅಭಿಮಾನಿಯೇ ಬಿಟ್ಟುಬಿಟ್ಟರೆ ಹೇಗೆ? ನಮ್ಮ ಜಿಲ್ಲೆಯವರಿಗೆ ಇದು ವಿಶೇಷವಾಗಿ ಒಪ್ಪುವ ಮಾತಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರು ಕೆತ್ತಿಟ್ಟು ಹೋಗಿದ್ದಾರೆ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಒಂದು ಪಕ್ಕ ಬೈಚೋಜನ ಕೈ, ಇನ್ನೊಂದು ಪಕ್ಕ ಮಲ್ಲಿತಮ್ಮನ ಕೈ ಎಂದು ವಿದ್ವಾಂಸರು ಬೇರ್ಪಡಿಸಿ ತೋರಿಸುತ್ತಾರೆ. ನೀವೂ ಅದನ್ನೇ ಮಾಡಬೇಕು. 2018ರಲ್ಲಿ ತೀರಿಕೊಂಡ ಕಾರ್ಲೋಸ್ ಎಸ್ಕೆರಾ ಬರೆದ ಚಿತ್ರವನ್ನು, ಪಾತ್ರಗಳ ಸುತ್ತ ಮೂಡುವ ದಪ್ಪನೆಯ ತುಂಡುತುಂಡಾದ ಗೆರೆಯಿಂದಲೇ ಹಳೆಯ ಓದುಗರು ಗುರುತಿಸುತ್ತಿದ್ದರು. ಡ್ರೆಡ್‌ನ ರೂಪ ಕಲ್ಪಿಸಿದವನು ಅವನೇ. ಒಂದೇ ಪಾತ್ರ ಬೇರೆಬೇರೆ ಕೈಗಳಲ್ಲಿ ಹೇಗೆ ಬದಲಾಗುತ್ತದೆ ಎಂದು ಹೇಳಬಲ್ಲವನು ಅಭಿಮಾನಿ ಮಾತ್ರ, ಯಾಕೆಂದರೆ ಅವನ ಬಳಿ ಹಳೆಯ ಸಂಚಿಕೆಗಳಿವೆ. ಅಕ್ಷರ ಬರೆಯುವವರನ್ನೂ ಮರೆಯಬೇಡಿ. ಮಾತಿನ ಬುಗ್ಗೆ ಎಲ್ಲಿ ಕೂತರೆ ಕಣ್ಣು ಯಾವ ಕಡೆ ಹೋಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವರು ಅವರು.

ಹಳೆಯ ಸಂಚಿಕೆಗಳ ನೆನಪಿನಿಂದ ಒಂದು ಅಪಾಯವೂ ಉಂಟು. ಡ್ರೆಡ್ ಬಹುಪಾಲು ಕಾಮಿಕ್ ನಾಯಕರಂತೆ ಪ್ರಾಯ ನಿಲ್ಲಿಸಿಕೊಂಡವನಲ್ಲ. 1977ರಲ್ಲಿ ಅವನ ಕಥೆ 2099ರಲ್ಲಿ ಆರಂಭವಾಯಿತು, ಅಂದಿನಿಂದ ನಮ್ಮ ವರ್ಷಕ್ಕೆ 122 ಕೂಡಿಸಿದರೆ ಅವನ ವರ್ಷ ಸಿಗುತ್ತದೆ. ನಮ್ಮೊಂದಿಗೆ ಅವನಿಗೂ ವಯಸ್ಸಾಗುತ್ತ ಬಂದಿದೆ. ಆದ್ದರಿಂದ ಅವನ ಕ್ರಿಸ್‌ಮಸ್ ಕಥೆಯಲ್ಲಿ ಹಿಂದಿನ ಸಾವುನೋವುಗಳ ಕಡೆಗೆ ಬೊಟ್ಟು ಮಾಡುವ ಒಂದೆರಡು ಮಾತು ಇದ್ದರೆ ಅಭಿಮಾನಿಗೆ ರೋಮಾಂಚನವಾಗುವುದು ಸಹಜ. ಅದನ್ನು ಗುರುತಿಸಿ, ಹೊಸಬರಿಗೆ ಎರಡು ವಾಕ್ಯದಲ್ಲಿ ವಿವರಿಸಿ, ಅಲ್ಲಿಗೆ ನಿಲ್ಲಿಸಬೇಕು. ನಿಮ್ಮ ಒಬ್ಬ ಗೆಳೆಯರ ಬರಹದಲ್ಲಿ ಆ ಹಿನ್ನೆಲೆಯೇ ನಾಲ್ಕು ಪುಟ ನುಂಗಿದೆ, ಕೈಯಲ್ಲಿರುವ ಕಥೆಗೆ ಅರ್ಧ ಪುಟವೂ ಉಳಿದಿಲ್ಲ. ಇಂಗ್ಲೆಂಡಿನ ಹಬ್ಬದ ಆಚರಣೆಗಳಿಗೂ ಇದೇ ಅಳತೆ ಸಾಕು: ಊಟದ ಮೇಜಿನಲ್ಲಿ ಇಬ್ಬರು ಹಿಡಿದು ಎಳೆದಾಗ ಪಟ್ಟೆಂದು ಸಿಡಿಯುವ ಕಾಗದದ ಕೊಳವೆ ನಮ್ಮ ದೀಪಾವಳಿಯ ಪಟಾಕಿಯಲ್ಲ ಎಂಬುದಷ್ಟನ್ನು ತಿಳಿಸಿದರೆ ಓದುಗರು ಮುಂದೆ ಸಾಗುತ್ತಾರೆ.

ವಿಜ್ಞಾನದ ತಪ್ಪುಗಳನ್ನು ಹೆಕ್ಕಿ ಪಟ್ಟಿ ಮಾಡಿರುವ ಗೆಳೆಯರಿಗೆ ನನ್ನ ಮೆಚ್ಚುಗೆ ತಿಳಿಸಿ, ಪಟ್ಟಿಯನ್ನು ಮೊಟಕುಗೊಳಿಸಲೂ ಹೇಳಿ. 1982ರಿಂದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವನ್ನು ಇಟ್ಟುಕೊಂಡಿರುವ ಈ ಊರಿನವರಿಗೆ ಇಂಥ ಹುಡುಕಾಟದ ಚಟ ಇರುವುದು ಆಶ್ಚರ್ಯವಲ್ಲ. ಇಲ್ಲಿಂದ ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಸಂಕೇತ ಹೋಗಿ ಮರಳಲು ಹೆಚ್ಚುಕಡಿಮೆ ಕಾಲು ಸೆಕೆಂಡು ಹಿಡಿಯುತ್ತದೆ. ಮಂಗಳ ಗ್ರಹಕ್ಕಾದರೆ, ಅದು ಎಷ್ಟು ದೂರದಲ್ಲಿದೆ ಎಂಬುದರ ಮೇಲೆ, ಒಂದು ಕಡೆಗೇ ಮೂರರಿಂದ ಇಪ್ಪತ್ತೆರಡು ನಿಮಿಷ. ಹಾಗಾಗಿ ಎರಡು ಗ್ರಹಗಳ ನಡುವೆ ಪಾತ್ರಗಳು ಫೋನಿನಲ್ಲಿ ಹರಟಿದಂತೆ ಹರಟುವುದನ್ನು ಅವರು ಆಕ್ಷೇಪಿಸಿರುವುದು ಸರಿ. ಆದರೆ ಆ ತಪ್ಪಿನ ಮೇಲೆ ಕಥೆ ಭಾರ ಹಾಕಿದೆಯೇ ಎಂಬುದನ್ನು ಅವರು ನೋಡಿಲ್ಲ. ಸಹಾಯ ಸಕಾಲಕ್ಕೆ ತಲುಪುತ್ತದೆಯೋ ಇಲ್ಲವೋ ಎಂಬ ಆತಂಕವೇ ಕಥೆಯ ಜೀವಾಳವಾಗಿದ್ದರೆ ಆ ತಪ್ಪು ಕಥೆಯನ್ನೇ ಕೆಡವುತ್ತದೆ. ಬರೀ ಹಬ್ಬದ ಶುಭಾಶಯ ಹೇಳಲು ಕರೆ ಮಾಡಿದ್ದರೆ ಯಾರಿಗೂ ನಷ್ಟವಿಲ್ಲ.

ಅಂತ್ಯವನ್ನು ಬಯಲು ಮಾಡಬಹುದೇ ಎಂಬ ನಿಮ್ಮ ಸಂದೇಹಕ್ಕೆ ದೀರ್ಘ ಉತ್ತರ ಬೇಕಿಲ್ಲ. ಟಾರ್ಗ್‌ನ 'ಫ್ಯೂಚರ್ ಶಾಕ್ಸ್' ಮಾಲೆಯ ಪುಟ್ಟ ಕಥೆಗಳು ನಿಂತಿರುವುದೇ ಕೊನೆಯ ತಿರುವಿನ ಮೇಲೆ, ಅಲ್ಲಿ ಬಾಯಿ ಬಿಡಬೇಡಿ. ಉಳಿದ ಕಡೆ, ಹೇಳದೆ ನಿಮ್ಮ ವಾದ ನಿಲ್ಲುವುದಿಲ್ಲ ಎಂದಾದರೆ ಓದುಗರಿಗೆ ಮುಂಚಿತವಾಗಿ ತಿಳಿಸಿ ಹೇಳಿಬಿಡಿ.

ನೀವು ಎಲ್ಲರ ಬರಹಗಳನ್ನೂ ಕಲಸಿ ಒಂದೇ ಲೇಖನ ಮಾಡುವ ಯೋಚನೆಯಲ್ಲಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ವಿಶೇಷಾಂಕದ ಮೊದಲ ಕಥೆಯನ್ನು ನೀವು ಮೆಚ್ಚಿದ್ದೀರಿ, ನಿಮ್ಮ ಗೆಳತಿ ಅದನ್ನು ಹಳಸಲು ಎಂದಿದ್ದಾರೆ. ಇಬ್ಬರೂ ಹೆಸರಿಸಿರುವುದು ಅದೇ ಮೂರನೇ ಪುಟವನ್ನು. ಇಡೀ ಕಟ್ಟಿನಲ್ಲಿ ಪುಟವನ್ನು ನೋಡಿಯೇ ಬರೆದ ಭಾಗ ಇದೊಂದೇ ಎಂದು ನನಗೆ ಕಂಡಿದೆ. ಇಬ್ಬರ ಮಾತನ್ನೂ ಎದುರುಬದುರು ಇಟ್ಟು, ರಾಜಿ ಮಾಡಿಸದೆ ಅಚ್ಚು ಹಾಕಿ. ವಿಶೇಷಾಂಕ ಇನ್ನೂ ನಿಮ್ಮ ಕೈಯಲ್ಲಿರುವುದರಿಂದ, ತಿದ್ದುವ ಮೊದಲು ಎಲ್ಲರೂ ಅದನ್ನು ಮತ್ತೊಮ್ಮೆ ಓದಿ. ತಿದ್ದಿದ ಪ್ರತಿಯ ಜೊತೆಗೆ ಆ ಮೂರನೇ ಪುಟದ ನಕಲೊಂದನ್ನೂ ಕಳಿಸಿದರೆ ಒಳ್ಳೆಯದು. ನನಗೂ ಆ ಜಗಳದಲ್ಲಿ ಒಂದು ಪಕ್ಷ ವಹಿಸುವ ಮನಸ್ಸಾಗಿದೆ.

ಇಂತಿ ನಿಮ್ಮ ವಿಶ್ವಾಸಿ