ಬಿಷ್ಕೆಕ್‌ಗೆ ಮಕ್ಕಳನ್ನು ಕಳಿಸುವವರು ಆ ದೇಶದ ನೀರು, ತಂತಿ, ಹಳಿಗಳನ್ನೂ ಅರಿಯಲಿ

ಮಾನ್ಯ ಸಂಪಾದಕರಿಗೆ,

ಸಪ್ರೇಮ ನಮಸ್ಕಾರಗಳು. ಪಿಯುಸಿ ಫಲಿತಾಂಶ ಬಂದ ಕೂಡಲೇ ಕಲಬುರಗಿಯ ಗೋಡೆ, ಕಂಬಗಳ ಮೇಲೆ ಕಿರ್ಗಿಸ್ತಾನದಲ್ಲಿ ವೈದ್ಯಕೀಯ ಶಿಕ್ಷಣ ಕೊಡಿಸುವುದಾಗಿ ಹೇಳುವ ಫ್ಲೆಕ್ಸ್‌ಗಳು ಏಳುತ್ತವೆ. ಪತ್ರಿಕೆಗಳಲ್ಲಿ ಬರುವ ಮಾರ್ಗದರ್ಶಿ ಬರಹಗಳೂ ಎರಡೇ ಸಂಗತಿಗಳನ್ನು ಚರ್ಚಿಸುತ್ತವೆ: ಆರು ವರ್ಷಕ್ಕೆ ಖರ್ಚು ಎಷ್ಟು ಮತ್ತು ಓದಿ ಮರಳಿದವರು ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾರೆಯೇ. 2024ರ ಮೇ ತಿಂಗಳಲ್ಲಿ ಮಧ್ಯ ಏಷ್ಯಾದ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್ ನಗರದಲ್ಲಿ ವಿದೇಶಿ ವಿದ್ಯಾರ್ಥಿಗಳ ವಸತಿನಿಲಯಗಳ ಮೇಲೆ ಗುಂಪು ದಾಳಿ ನಡೆದಾಗ ಆ ದೇಶ ಕೆಲವು ದಿನ ಸುದ್ದಿಯಲ್ಲಿತ್ತು. ಬಳಿಕ ಮತ್ತೆ ಶುಲ್ಕದ ಪಟ್ಟಿಯಾಗಿ ಉಳಿಯಿತು. ನನ್ನ ತಂಗಿಯ ಮಗಳು ಅಲ್ಲಿ ಓದುತ್ತಿದ್ದಾಳೆ. ವಿದ್ಯುತ್ ಪ್ರಸರಣ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ನಾನು, ಅವಳು ಹೋದ ದಿನದಿಂದ ಆ ದೇಶದ ವಿದ್ಯುತ್ತು, ನೀರು, ರಸ್ತೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ನಮ್ಮ ಭಾಗದ ಓದುಗರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗಬಹುದಾದ ಕಥೆ ಅದರಲ್ಲಿದೆ ಎಂದು ಅನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಿರ್ಗಿಸ್ತಾನ ಸ್ವತಂತ್ರವಾದದ್ದು 1991ರ ಆಗಸ್ಟ್ 31ರಂದು. ಅಲ್ಲಿಯವರೆಗೆ ಅದು ಸೋವಿಯತ್ ಒಕ್ಕೂಟದ ಹದಿನೈದು ಗಣರಾಜ್ಯಗಳಲ್ಲಿ ಒಂದು. ನೆಲದ ಬಹುಪಾಲು ಬೆಟ್ಟ, ಇಂದಿಗೂ ಜನಸಂಖ್ಯೆ ಸುಮಾರು 70 ಲಕ್ಷ. ಒಕ್ಕೂಟವಿದ್ದಾಗ ಅಣೆಕಟ್ಟು, ಹಳಿ, ಅನಿಲದ ಕೊಳವೆ, ಹೈಟೆನ್ಶನ್ ತಂತಿಗಳನ್ನು ಹಾಕಿದವರು ಇದೆಲ್ಲ ಎಂದೆಂದಿಗೂ ಒಂದೇ ದೇಶ ಎಂಬ ನಂಬಿಕೆಯಿಂದ ಹಾಕಿದ್ದರು. ಗಣರಾಜ್ಯಗಳ ನಡುವಿನ ಗೆರೆ ಅವರಿಗೆ ನಮ್ಮ ಜಿಲ್ಲೆಯ ಗಡಿಗಿಂತ ಹೆಚ್ಚಿನದಾಗಿರಲಿಲ್ಲ. ಆ ಗೆರೆಗಳ ಮೇಲೆ ಒಮ್ಮೆಲೇ ಸುಂಕದ ಕಟ್ಟೆ, ಸೈನಿಕರ ಕಾವಲು ಬಂದಾಗ, ಕಿರ್ಗಿಸ್ತಾನದ ಪಾಲಿಗೆ ಉಳಿದದ್ದು ಅರ್ಧ ತುಂಡಾದ ವ್ಯವಸ್ಥೆ.

ಹಳಿಯನ್ನೇ ನೋಡಿ. ಉತ್ತರದ ಬಿಷ್ಕೆಕ್‌ಗೆ ಬರುವ ರೈಲು ಕಜಕಸ್ತಾನದಿಂದ ಬರುತ್ತದೆ. ದಕ್ಷಿಣದ ಓಶ್, ಜಲಾಲಾಬಾದ್ ಪಟ್ಟಣಗಳ ಹಳಿಗಳು ಉಜ್ಬೇಕಿಸ್ತಾನದ ಮಾರ್ಗದಿಂದ ಕವಲೊಡೆದ ಚಿಕ್ಕ ತುಂಡುಗಳು. ದೇಶದ ಮೊದಲ ಮತ್ತು ಎರಡನೆಯ ದೊಡ್ಡ ನಗರಗಳ ನಡುವೆ ತನ್ನದೇ ನೆಲದ ಮೇಲೆ ಹಾದುಹೋಗುವ ರೈಲು ಇವತ್ತಿಗೂ ಇಲ್ಲ. ಇರುವುದು 600 ಕಿಲೋಮೀಟರ್‌ಗೂ ಉದ್ದದ ಬೆಟ್ಟದ ರಸ್ತೆ. ಸಮುದ್ರಮಟ್ಟದಿಂದ 3,000 ಮೀಟರ್‌ಗೂ ಎತ್ತರದಲ್ಲಿರುವ ಸುರಂಗವೊಂದನ್ನು ದಾಟಿ ಅದು ಸಾಗುತ್ತದೆ, ಚಳಿಗಾಲದಲ್ಲಿ ಹಿಮ ಕುಸಿದು ಆಗಾಗ ಮುಚ್ಚಿಹೋಗುತ್ತದೆ. ಇದನ್ನು ಓದುವಾಗ ಬೀದರಿನವರಿಗೆ ತಮ್ಮದೇ ನೆನಪು ಬರದಿರದು. ನಿಜಾಮರ ಕಾಲದ ಹಳಿ ಬೀದರನ್ನು ವಿಕಾರಾಬಾದ್ ಮೂಲಕ ಹೈದರಾಬಾದಿಗೆ ಜೋಡಿಸಿತ್ತು, ಏಕೆಂದರೆ ರಾಜಧಾನಿ ಅಲ್ಲಿತ್ತು. 1956ರಲ್ಲಿ ರಾಜ್ಯದ ನಕ್ಷೆ ಬದಲಾಗಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಹಳಿ ಮಾತ್ರ ಹಳೆಯ ರಾಜಧಾನಿಯ ಕಡೆಗೇ ಮುಖ ಮಾಡಿಕೊಂಡಿತ್ತು. ಬೀದರಿನಿಂದ ತನ್ನ ವಿಭಾಗದ ಕೇಂದ್ರವಾದ ಕಲಬುರಗಿಗೆ ನೇರ ರೈಲು ಬಂದದ್ದು 2017ರ ಅಕ್ಟೋಬರಿನಲ್ಲಿ. 110 ಕಿಲೋಮೀಟರ್ ಹಳಿಗಾಗಿ 61 ವರ್ಷ ಕಾದವರು ನಾವು. ಆದುದರಿಂದ ಕಿರ್ಗಿಸ್ತಾನದವರು ಮೂವತ್ತು ವರ್ಷಗಳಾದರೂ ಓಶ್‌ಗೆ ಹಳಿ ಹಾಕಿಕೊಳ್ಳಲಿಲ್ಲವೆಂದು ಹಗುರವಾಗಿ ಮಾತಾಡುವ ಹಕ್ಕು ಬೇರೆ ಯಾರಿಗಿದ್ದರೂ ನಮಗಿಲ್ಲ. ಚೀನಾದಿಂದ ಕಿರ್ಗಿಸ್ತಾನದ ಮೂಲಕ ಉಜ್ಬೇಕಿಸ್ತಾನಕ್ಕೆ ಹೋಗುವ ಹೊಸ ರೈಲುಮಾರ್ಗದ ಕಾಮಗಾರಿಗೆ 2024ರ ಡಿಸೆಂಬರಿನಲ್ಲಿ ಚಾಲನೆ ಸಿಕ್ಕಿದೆ. ಅದೂ ಪೂರ್ವದಿಂದ ಪಶ್ಚಿಮಕ್ಕೆ ಸರಕು ಸಾಗಿಸುವ ಹಳಿಯೇ ಹೊರತು ಬಿಷ್ಕೆಕ್ ಮತ್ತು ಓಶ್‌ಗಳನ್ನು ಜೋಡಿಸುವುದಿಲ್ಲ.

ನಾಣ್ಯದ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ಅಜ್ಜಂದಿರು ನಿಜಾಮರ ಹಾಲಿ ಸಿಕ್ಕಾ ಮತ್ತು ಬ್ರಿಟಿಷರ ಕಲ್ದಾರ್ ಎಂಬ ಎರಡು ರೂಪಾಯಿಗಳ ಲೆಕ್ಕ ಇಟ್ಟವರು. ಕಿರ್ಗಿಸ್ತಾನ 1993ರ ಮೇ ತಿಂಗಳಲ್ಲಿ ರೂಬಲ್ ಬಿಟ್ಟು ಸೋಮ್ ಎಂಬ ತನ್ನದೇ ನಾಣ್ಯ ತಂದಿತು. ಮಧ್ಯ ಏಷ್ಯಾದಲ್ಲಿ ಈ ಹೆಜ್ಜೆ ಇಟ್ಟ ಮೊದಲ ದೇಶ ಅದು. 1998ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದರಲ್ಲಿಯೂ ಹಳೆಯ ಸೋವಿಯತ್ ಗಣರಾಜ್ಯಗಳ ಪೈಕಿ ಅದೇ ಮೊದಲು. ತಜ್ಞರು ಹೇಳಿದ ಸುಧಾರಣೆಗಳನ್ನೆಲ್ಲ ಎಲ್ಲರಿಗಿಂತ ಮೊದಲು ಮಾಡಿದ ದೇಶ ಎಲ್ಲರಿಗಿಂತ ಮೊದಲು ಚೇತರಿಸಿಕೊಳ್ಳಬೇಕಿತ್ತು, ಹಾಗಾಗಲಿಲ್ಲ. ಒಕ್ಕೂಟದ ಇತರ ಭಾಗಗಳಿಗಾಗಿ ಯಂತ್ರದ ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಗಳಿಗೆ ಕೊಳ್ಳುವವರೇ ಇಲ್ಲವಾದರು. 1990ರ ದಶಕದ ಮೊದಲ ಐದು ವರ್ಷಗಳಲ್ಲಿ ದೇಶದ ಉತ್ಪಾದನೆ ಸುಮಾರು ಅರ್ಧಕ್ಕೆ ಕುಸಿಯಿತು. ಸಾಮೂಹಿಕ ಹೊಲಗಳನ್ನು ಒಡೆದು ಕುಟುಂಬಗಳಿಗೆ ಹಂಚಿದರು. ಮೇವು ಅಗ್ಗದ ದರದಲ್ಲಿ ಬೇರೆ ಗಣರಾಜ್ಯಗಳಿಂದ ಬರುತ್ತಿದ್ದುದು ನಿಂತಿತು, ಉಣ್ಣೆ ಕೊಳ್ಳುವ ಗಿರಣಿಗಳು ಗಡಿಯಾಚೆ ಉಳಿದವು. ಒಂದು ಕೋಟಿಯ ಆಸುಪಾಸು ಇದ್ದ ಕುರಿಗಳು ಕೆಲವೇ ವರ್ಷಗಳಲ್ಲಿ 40 ಲಕ್ಷಕ್ಕೂ ಕಡಿಮೆಯಾದವು. ಚಳಿಗಾಲ ದಾಟಲು ಜನ ಕುರಿ ಕೊಟ್ಟು ಹಿಟ್ಟು ತಂದರು. ಕುರಿಯೇ ಬ್ಯಾಂಕು, ಕುರಿಯೇ ವಿಮೆ ಎಂದು ಬದುಕುವ ಯಾದಗಿರಿ, ಸುರಪುರ ಕಡೆಯ ಕುರಿಗಾಹಿಗಳಿಗೆ ಈ ಮಾತಿನ ಭಾರ ವಿವರಿಸಬೇಕಾಗಿಲ್ಲ.

ಆಮೇಲೆ ಜನ ಗುಳೆ ಹೊರಟರು. ನಮ್ಮವರು ಮುಂಬೈ, ಪುಣೆ, ಬೆಂಗಳೂರಿಗೆ ಹೋದಂತೆ ಅವರು ರಷ್ಯಾಕ್ಕೆ ಹೋದರು. ಅಲ್ಲಿಂದ ಅವರು ಕಳಿಸುವ ಹಣ ಕೆಲವು ವರ್ಷ ದೇಶದ ಒಟ್ಟು ಉತ್ಪನ್ನದ ಕಾಲು ಭಾಗಕ್ಕಿಂತಲೂ ಹೆಚ್ಚಿತ್ತು. ಇನ್ನು ರಫ್ತಿನ ಆಸರೆಯೆಂದರೆ ಸುಮಾರು 4,000 ಮೀಟರ್ ಎತ್ತರದಲ್ಲಿರುವ ಕುಮ್ತೊರ್ ಚಿನ್ನದ ಗಣಿ. 1997ರಿಂದ ಕೆನಡಾದ ಕಂಪನಿಗಳು ನಡೆಸುತ್ತಿದ್ದ ಅದನ್ನು 2021ರಲ್ಲಿ ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ತೊಗರಿಯೊಂದನ್ನೇ ನಂಬಿದ ರೈತನ ಮನೆಯಲ್ಲಿ ಧಾರಣೆ ಬಿದ್ದ ವರ್ಷ ಏನಾಗುತ್ತದೆಯೋ, ಒಂದೇ ಗಣಿಯನ್ನು ನಂಬಿದ ದೇಶದಲ್ಲಿಯೂ ಅದೇ ಆಗುತ್ತದೆ.

ನನ್ನ ಮನಸ್ಸನ್ನು ಹೆಚ್ಚು ಹಿಡಿದಿಟ್ಟಿರುವುದು ನೀರು ಮತ್ತು ವಿದ್ಯುತ್ತಿನ ಸಂಗತಿ. ನರಿನ್ ನದಿಗೆ 1970ರ ದಶಕದಲ್ಲಿ ಕಟ್ಟಿದ ತೊಕ್ತೊಗುಲ್ ಅಣೆಕಟ್ಟಿನಲ್ಲಿ ಮೂಲತಃ 1,200 ಮೆಗಾವ್ಯಾಟ್ ವಿದ್ಯುತ್ ಉತ್ಪಾದನೆಯ ಸಾಮರ್ಥ್ಯವಿತ್ತು. ಜಲಾಶಯ 19.5 ಶತಕೋಟಿ ಘನ ಮೀಟರ್ ನೀರು ಹಿಡಿಯುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 680 ಟಿಎಂಸಿಗೂ ಹೆಚ್ಚು. ನರಿನ್ ನದಿ ಕೆಳಗೆ ಸಿರ್ ದರಿಯಾ ಆಗಿ ಉಜ್ಬೇಕಿಸ್ತಾನ, ಕಜಕಸ್ತಾನಗಳ ಹತ್ತಿಯ ಹೊಲಗಳಿಗೆ ನೀರುಣಿಸುತ್ತದೆ. ಸೋವಿಯತ್ ಕಾಲದಲ್ಲಿ ಏರ್ಪಾಟು ಸರಳವಾಗಿತ್ತು. ಚಳಿಗಾಲದಲ್ಲಿ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹತ್ತಿಗೆ ಬಿಡಬೇಕು. ಅದಕ್ಕೆ ಪ್ರತಿಯಾಗಿ ಚಳಿಗಾಲದಲ್ಲಿ ಉಜ್ಬೇಕಿಸ್ತಾನದ ಅನಿಲವೂ ಕಜಕಸ್ತಾನದ ಕಲ್ಲಿದ್ದಲೂ ಕಿರ್ಗಿಸ್ತಾನಕ್ಕೆ ಬರುತ್ತಿದ್ದವು. ಒಕ್ಕೂಟ ಮುರಿದ ಮೇಲೆ ಅನಿಲಕ್ಕೆ, ಕಲ್ಲಿದ್ದಲಿಗೆ ಮಾರುಕಟ್ಟೆಯ ಬೆಲೆ ಬಂತು, ನೀರಿಗೆ ಮಾತ್ರ ಬೆಲೆ ಬರಲಿಲ್ಲ. ಇಂಧನ ಕೊಳ್ಳಲು ಹಣವಿಲ್ಲದ ಕಿರ್ಗಿಸ್ತಾನ, ತನ್ನ ಜನ ಚಳಿಯಲ್ಲಿ ಸಾಯಬಾರದೆಂದು ಚಳಿಗಾಲದಲ್ಲೇ ನೀರು ಬಿಟ್ಟು ವಿದ್ಯುತ್ ಉತ್ಪಾದಿಸತೊಡಗಿತು. ಆಗ ಕೆಳಗಿನವರಿಗೆ ಚಳಿಗಾಲದಲ್ಲಿ ಬೇಡದ ಪ್ರವಾಹ, ಬೇಸಿಗೆಯಲ್ಲಿ ನೀರಿನ ಬರ. 1998ರಲ್ಲಿ ಮೂರೂ ದೇಶಗಳು ಒಪ್ಪಂದವೊಂದಕ್ಕೆ ಸಹಿ ಹಾಕಿದರೂ ಅದು ಹೆಚ್ಚು ವರ್ಷ ಬಾಳಲಿಲ್ಲ. ಕಜಕಸ್ತಾನವಂತೂ ಚಳಿಗಾಲದ ನೀರನ್ನು ಹಿಡಿಯುವುದಕ್ಕೆಂದೇ ಕೊಕ್ಸರಾಯ್ ಎಂಬ ಬೇರೆ ಜಲಾಶಯ ಕಟ್ಟಬೇಕಾಯಿತು.

ಇದರಲ್ಲಿ ತಪ್ಪು ಯಾರದು? ಭೀಮಾ ನದಿಯ ದಂಡೆಯವರು ಈ ಪ್ರಶ್ನೆಗೆ ತಟ್ಟನೆ ಉತ್ತರ ಕೊಡಬಾರದು. ಬೇಸಿಗೆಯಲ್ಲಿ ಅಫಜಲಪುರದ ಬಳಿ ಪಾತ್ರ ಒಣಗಿದಾಗ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ನೀರು ಬಿಡಿಸಿ ಎಂದು ಕೇಳುವವರೂ ನಾವೇ; 2020ರ ಅಕ್ಟೋಬರಿನಲ್ಲಿ ಭಾರಿ ಮಳೆಯ ಜೊತೆಗೆ ಮೇಲಿನಿಂದ ನೀರು ನುಗ್ಗಿ ಹಳ್ಳಿಗಳು ಮುಳುಗಿದಾಗ ಏಕೆ ಬಿಟ್ಟಿರಿ ಎಂದು ಕೇಳಿದವರೂ ನಾವೇ. ಆದರೆ ನಮಗೆ ಮೊರೆಯಿಡಲು ನ್ಯಾಯಮಂಡಳಿ ಇದೆ, ಸುಪ್ರೀಂ ಕೋರ್ಟು ಇದೆ, ಎರಡೂ ರಾಜ್ಯಗಳನ್ನು ಕೂರಿಸಿ ಮಾತಾಡಿಸಬಲ್ಲ ಕೇಂದ್ರವಿದೆ. ಅವುಗಳ ತೀರ್ಪು ತಡವಾಗುತ್ತದೆಂಬ ನಮ್ಮ ದೂರು ನ್ಯಾಯವೇ. ಆದರೂ 1991ರ ನಂತರ ಸಿರ್ ದರಿಯಾದ ದಂಡೆಯವರಿಗೆ ಅಂಥ ಒಂದು ನ್ಯಾಯದ ಕಟ್ಟೆಯೂ ಇರಲಿಲ್ಲವೆಂಬುದನ್ನು ನೆನೆದಾಗ ನಮ್ಮಲ್ಲಿರುವುದರ ಬೆಲೆ ತಿಳಿಯುತ್ತದೆ.

ಅನಿಲದ ವಿಷಯದಲ್ಲಿ ಇನ್ನೂ ಕಠಿಣವಾದದ್ದು ನಡೆಯಿತು. ಸಾಲದಲ್ಲಿ ಮುಳುಗಿದ ಸರ್ಕಾರಿ ಅನಿಲ ಕಂಪನಿಯನ್ನು, ಸಾಲ ತೀರಿಸುವ ಮತ್ತು ಬಂಡವಾಳ ಹೂಡುವ ಮಾತಿನ ಮೇಲೆ, ರಷ್ಯಾದ ಗಾಜ್‌ಪ್ರೋಮ್‌ಗೆ ಕೇವಲ ಒಂದು ಡಾಲರಿಗೆ ಮಾರಿದರು. 2014ರ ಏಪ್ರಿಲ್‌ನಲ್ಲಿ ಅದರ ಹಸ್ತಾಂತರವಾದೊಡನೆ ಉಜ್ಬೇಕಿಸ್ತಾನ ಓಶ್‌ಗೆ ಅನಿಲ ನಿಲ್ಲಿಸಿತು. ವರ್ಷದ ಕೊನೆಯವರೆಗೂ ಅಲ್ಲಿನ ಒಲೆಗಳು ಉರಿಯಲಿಲ್ಲ. ಮರುವರ್ಷ ಚೀನಾದ ಸಾಲದಿಂದ ದಕ್ಷಿಣದ ದತ್ಕಾದಿಂದ ಉತ್ತರದ ಕೆಮಿನ್‌ವರೆಗೆ 500 ಕೆವಿ ವಿದ್ಯುತ್ ಪ್ರಸರಣ ಮಾರ್ಗ ಪೂರ್ತಿಯಾದಾಗ, ತನ್ನ ಅಣೆಕಟ್ಟಿನ ವಿದ್ಯುತ್ತನ್ನು ನೆರೆಯವರ ಜಾಲದ ಹಂಗಿಲ್ಲದೆ ತನ್ನ ರಾಜಧಾನಿಗೆ ತರುವುದು ಆ ದೇಶಕ್ಕೆ ಸಾಧ್ಯವಾಯಿತು. ಜೀವಮಾನವಿಡೀ ಟವರು, ತಂತಿಗಳ ನಡುವೆ ಕಳೆದವನಿಗೆ ಆ ಮಾರ್ಗದ ಬೆಲೆ ಗೊತ್ತು. ಸಾಲದ ಹೊರೆ ದೊಡ್ಡದೆಂದು ಟೀಕಿಸುವವರ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಆ ಮಾರ್ಗವನ್ನು ದುಂದುವೆಚ್ಚವೆಂದು ಕರೆಯಲಾರೆ.

ದುಂದು ನಡೆದದ್ದು ಬೇರೆ ಕಡೆ. ಬಿಷ್ಕೆಕ್‌ನಲ್ಲಿ ಚಳಿಗಾಲದ ಬಿಸಿಯನ್ನು ಪ್ರತಿ ಮನೆಯವರೂ ತಾವೇ ಮಾಡಿಕೊಳ್ಳುವುದಿಲ್ಲ. ನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಕಾದ ನೀರು ಕೊಳವೆಗಳ ಮೂಲಕ ಬಹುಮಹಡಿ ಕಟ್ಟಡಗಳಿಗೆ, ವಸತಿನಿಲಯಗಳಿಗೆ ಹರಿದು ಕೋಣೆಗಳನ್ನು ಬೆಚ್ಚಗಿಡುತ್ತದೆ. 1960ರ ದಶಕದ ಆ ಕೇಂದ್ರವನ್ನು ಚೀನಾದಿಂದ 38.6 ಕೋಟಿ ಡಾಲರ್ ಸಾಲ ತಂದು 2017ರಲ್ಲಿ ನವೀಕರಿಸಿದರು. ಕೆಲವೇ ತಿಂಗಳಲ್ಲಿ, 2018ರ ಜನವರಿಯಲ್ಲಿ, ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿಗೂ ಕೆಳಗಿಳಿದಿದ್ದಾಗ ಅದು ಕೆಟ್ಟು ನಿಂತಿತು, ನಗರದ ಬಹುಭಾಗ ಹಲವು ದಿನ ಚಳಿಯಲ್ಲಿ ನಡುಗಿತು. ಒಂದು ಇಕ್ಕಳಕ್ಕೆ 320 ಡಾಲರ್ ಲೆಕ್ಕ ಬರೆದಿದ್ದಂಥ ಸಂಗತಿಗಳು ಆಮೇಲೆ ಹೊರಬಂದವು. 2019ರಲ್ಲಿ ಇಬ್ಬರು ಮಾಜಿ ಪ್ರಧಾನಿಗಳಿಗೆ ನ್ಯಾಯಾಲಯ ಶಿಕ್ಷೆ ವಿಧಿಸಿತು. ಅದೇ ಕೇಂದ್ರದಲ್ಲಿ 2024ರ ಫೆಬ್ರುವರಿಯಲ್ಲಿ ಸ್ಫೋಟವಾಗಿ ಕೆಲಸಗಾರರು ಗಾಯಗೊಂಡರು.

ಇಷ್ಟಾದರೂ ವಿದ್ಯುತ್ ದರ ಮುಟ್ಟಲು ಅಲ್ಲಿನ ಸರ್ಕಾರಗಳು ಬಹುಕಾಲ ಹೆದರಿದವು. 2010ರ ಆರಂಭದಲ್ಲಿ ದರವನ್ನು ಒಮ್ಮೆಲೇ ಏರಿಸಿದ್ದು ಜನರ ಸಿಟ್ಟಿಗೆ ಒಂದು ಕಾರಣವಾಗಿ, ಏಪ್ರಿಲ್‌ನಲ್ಲಿ 80ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡು ಅಧ್ಯಕ್ಷ ಬಕಿಯೆವ್ ದೇಶ ಬಿಟ್ಟು ಓಡಿಹೋಗಬೇಕಾಯಿತು. ಆ ಭಯದಿಂದ ಮನೆಬಳಕೆಯ ದರ ಎಷ್ಟೋ ವರ್ಷ ಯೂನಿಟ್‌ಗೆ ಮುಕ್ಕಾಲು ಸೋಮ್‌ನಷ್ಟೇ ಇತ್ತು; ಒಂದು ಸೋಮ್ ಹೆಚ್ಚುಕಡಿಮೆ ನಮ್ಮ ಒಂದು ರೂಪಾಯಿಗೆ ಸಮ. ಇಷ್ಟು ಅಗ್ಗವಾದಾಗ ಜನ ಮನೆ ಬೆಚ್ಚಗಿಡಲೂ ವಿದ್ಯುತ್ತನ್ನೇ ಸುಡುತ್ತಾರೆ, ಹಳೆಯ ಟ್ರಾನ್ಸ್‌ಫಾರ್ಮರ್‌ಗಳು ಬೇಯುತ್ತವೆ, ದುರಸ್ತಿಗೆ ಹಣ ಹುಟ್ಟುವುದಿಲ್ಲ, ಜಲಾಶಯದ ಮಟ್ಟ ಇಳಿಯುತ್ತದೆ. 2023ರ ಆಗಸ್ಟ್‌ನಿಂದ ವಿದ್ಯುತ್ ಕ್ಷೇತ್ರದಲ್ಲಿ ತುರ್ತು ಸ್ಥಿತಿ ಘೋಷಿಸಿ ದರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತಿದ್ದಾರೆ. ಬಡವರ ಮನೆಯ ದೀಪ ಆರದಂತೆ ನೋಡಿಕೊಂಡು ಉಳಿದವರಿಂದ ನಿಜವಾದ ಬೆಲೆ ಪಡೆಯುವ ಕೆಲಸವನ್ನು ಅವರು ಹತ್ತು ವರ್ಷ ಮೊದಲೇ ಶುರು ಮಾಡಬೇಕಿತ್ತೆಂದು ನನ್ನ ಅನುಭವ ಹೇಳುತ್ತದೆ.

ನನಗೆ ನಿಜವಾದ ಸಮಾಧಾನ ತಂದ ಸುದ್ದಿ ಇನ್ನೊಂದು. ನರಿನ್ ನದಿಯಲ್ಲಿ ತೊಕ್ತೊಗುಲ್‌ಗಿಂತ ಮೇಲೆ 1,860 ಮೆಗಾವ್ಯಾಟ್‌ನ ಕಂಬರ-ಅತಾ-1 ಅಣೆಕಟ್ಟನ್ನು ಕಟ್ಟುವ ಯೋಜನೆ ಸೋವಿಯತ್ ಕಾಲದ್ದು. ನೀರಿನ ಭಯದಿಂದ ಅದನ್ನು ಬಹುಕಾಲ ಬಲವಾಗಿ ವಿರೋಧಿಸಿದ್ದು ಉಜ್ಬೇಕಿಸ್ತಾನ. ಅದೇ ಉಜ್ಬೇಕಿಸ್ತಾನ 2023ರ ಜನವರಿಯಲ್ಲಿ ಕಜಕಸ್ತಾನದೊಡನೆ ಸೇರಿ, ಮೂವರೂ ಕೂಡಿ ಅಣೆಕಟ್ಟು ಕಟ್ಟುವ ಮಾರ್ಗನಕ್ಷೆಗೆ ಸಹಿ ಹಾಕಿತು. ಮೇಲೆ ಮತ್ತೊಂದು ಜಲಾಶಯವಿದ್ದರೆ ಅಲ್ಲಿ ಚಳಿಗಾಲದಲ್ಲಿ ವಿದ್ಯುತ್ತಿಗಾಗಿ ಬಿಟ್ಟ ನೀರನ್ನು ಕೆಳಗಿನ ತೊಕ್ತೊಗುಲ್ ಹಿಡಿದಿಟ್ಟು ಬೇಸಿಗೆಯಲ್ಲಿ ಹೊಲಗಳಿಗೆ ಕೊಡಬಲ್ಲದು. ಮೂವತ್ತು ವರ್ಷ ಜಗಳವಾಡಿದ ಮೇಲಿನವರೂ ಕೆಳಗಿನವರೂ ಒಂದೇ ಕಟ್ಟೆಯ ಪಾಲುದಾರರಾಗಲು ಒಪ್ಪಿದ ಈ ಸುದ್ದಿ ಕೃಷ್ಣಾ, ಭೀಮಾ ಕಣಿವೆಯ ಪತ್ರಿಕೆಗಳಲ್ಲಿ ದೊಡ್ಡದಾಗಿ ಬರಬೇಕಿತ್ತು.

ಆದುದರಿಂದ ನನ್ನ ಬಿನ್ನಹವಿಷ್ಟೇ. ಮುಂದಿನ ಪ್ರವೇಶದ ಹಂಗಾಮಿಗೆ ಮುನ್ನ ಕಿರ್ಗಿಸ್ತಾನದ ಬದುಕಿನ ಬಗ್ಗೆ ತಿಳಿದವರಿಂದ ಕೆಲವು ಲೇಖನ ಬರೆಸಿ ಪ್ರಕಟಿಸಿ. ಬಡ ದೇಶ, ಅಗ್ಗದ ದೇಶ ಎಂಬ ಎರಡು ಮಾತಿನಲ್ಲಿ ಅದನ್ನು ಮುಗಿಸಬೇಡಿ. ಹೊಲ ಒತ್ತೆಯಿಟ್ಟು ಮಕ್ಕಳನ್ನು ಕಳಿಸುವ ತಂದೆತಾಯಿಗಳು ಏಜೆಂಟರ ಮುಂದೆ ಕುಳಿತಾಗ ಶುಲ್ಕದ ಜೊತೆಗೆ, ವಸತಿನಿಲಯಕ್ಕೆ ಬಿಸಿನೀರಿನ ಕೊಳವೆ ಬಂದಿದೆಯೇ, ಅದು ನಿಂತರೆ ಬೇರೆ ಏರ್ಪಾಟು ಏನಿದೆ, ಕರೆಂಟು ಹೋದರೆ ಜನರೇಟರ್ ಇದೆಯೇ ಎಂದು ಕೇಳುವಂತಾಗಲಿ. ನಾವು ಮೊದಲ ವರ್ಷ ಇವನ್ನು ಕೇಳಲಿಲ್ಲ. ಡಿಸೆಂಬರಿನ ಒಂದು ರಾತ್ರಿ ಆ ಹುಡುಗಿ ಫೋನಿನಲ್ಲಿ, ಮಾಮಾ, ಕೋಣೆಯ ಕೊಳವೆ ತಣ್ಣಗಾಗಿದೆ, ಕೋಟು ಹಾಕಿಕೊಂಡೇ ಮಲಗಿದ್ದೇನೆ ಎಂದಾಗ, ನಲವತ್ಮೂರು ಡಿಗ್ರಿಯ ಬಿಸಿಲಿಗೆ ಒಗ್ಗಿದ ನಮ್ಮ ಮನೆಯಲ್ಲಿ ಅದಕ್ಕೆ ಏನು ಹೇಳಬೇಕೆಂದು ಯಾರಿಗೂ ತೋಚಲಿಲ್ಲ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿದ್ಯುತ್ ಎಂಜಿನಿಯರ್
ಕಲಬುರಗಿ