ತೇಕ್ಕಡಿಗೆ ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕೇರಳದ ತೇಕ್ಕಡಿ ಪಕ್ಕದ ಕುಮಳಿ ಪಟ್ಟಣದಲ್ಲಿ ತಂಗಿ, ಮರುದಿನ ಬೆಳಗಿನ ಮೊದಲ ದೋಣಿಗೇ ಹೋಗೋಣ. ಬಿಸಿಲೇರಿದ ಮೇಲೆ ಪ್ರಾಣಿಗಳು ಕಾಣುವುದು ಕಡಿಮೆ. ಗುರುತಿನ ಚೀಟಿ ಮರೆಯಬೇಡಿ.

ನಾವು ದೋಣಿಯಲ್ಲಿ ಸುತ್ತುವ ಪೆರಿಯಾರ್ ಸರೋವರ ಹುಟ್ಟಿದ್ದು 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿದಾಗ. ಆಗ ಮುಳುಗಿದ ಕಾಡಿನ ಬೊಡ್ಡೆಗಳು ಇಂದಿಗೂ ನೀರಿನಿಂದ ತಲೆ ಎತ್ತಿ ನಿಂತಿವೆ. ಅವುಗಳ ಮೇಲೆ ಕಣ್ಣಿಡಿ: ನೀರುಕಾಗೆ, ಹಾವಕ್ಕಿಗಳು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಾ ಕೂತಿರುತ್ತವೆ. ದಡದಲ್ಲಿ ಆನೆ, ಕಾಟಿ, ಕಡವೆ ಸಿಗಬಹುದು, ಅದೃಷ್ಟವಿದ್ದರೆ ನೀರುನಾಯಿ. ಇದು ಹುಲಿ ಸಂರಕ್ಷಿತ ಪ್ರದೇಶ ನಿಜ, ಆದರೆ ಹುಲಿ ತೋರಿಸುತ್ತೇವೆ ಅಂತ ಮಕ್ಕಳಿಗೆ ಮಾತು ಕೊಟ್ಟು ನನ್ನನ್ನು ಸಿಕ್ಕಿಸಬೇಡಿ!

ಒಂದು ಮಾತು ಕಡ್ಡಾಯ. ಆನೆ ಕಂಡಿತೆಂದು ಎಲ್ಲರೂ ದೋಣಿಯ ಒಂದೇ ಬದಿಗೆ ನುಗ್ಗಬಾರದು. 2009ರಲ್ಲಿ ಇದೇ ಸರೋವರದಲ್ಲಿ ದೋಣಿ ಮಗುಚಿ ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಲೈಫ್ ಜಾಕೆಟ್ ಇಳಿಯುವವರೆಗೂ ಮೈಮೇಲಿರಲಿ, ಸೆಲ್ಫಿಗೆಂದು ಬಿಚ್ಚಬೇಡಿ.

ಕಾಡಿನಲ್ಲಿ ನಡೆಯಲು ಬರುವವರಿಗೆ: ಮಳೆ ಬಿದ್ದಿದ್ದರೆ ಇಂಬಳ (ಜಿಗಣೆ) ಗ್ಯಾರಂಟಿ, ಉದ್ದನೆ ಕಾಲುಚೀಲ ತನ್ನಿ. ಕಣ್ಣು ಕುಕ್ಕುವ ಬಣ್ಣ, ಸೆಂಟು, ಬ್ಲೂಟೂತ್ ಸ್ಪೀಕರ್ ಬೇಡ. ಪ್ಲಾಸ್ಟಿಕ್ ಬದಲು ಸ್ಟೀಲ್ ಬಾಟಲಿ ಇರಲಿ.

ಯಾರು ದೋಣಿಗೆ, ಯಾರು ಬಿದಿರಿನ ತೆಪ್ಪಕ್ಕೆ ಅಂತ ಇಲ್ಲೇ ತಿಳಿಸಿ. ತೆಪ್ಪದಲ್ಲಿ ಜಾಗ ಕಡಿಮೆ.