ತಾತ ಹೋದ್ಮೇಲೆ ನಮ್ಮ ಕಾಫಿಪುಡಿ ಅಂಗಡಿಯಲ್ಲಿ ಏನೇನು ಬದಲಾಗ್ತಿದೆ

ಗ್ರಾಹಕರಿಗೆಲ್ಲ ನಮಸ್ಕಾರ,

ಸೋಮವಾರಪೇಟೆ ಸುತ್ತಮುತ್ತ ಇರೋರಿಗೆ ವಿಷ್ಯ ಗೊತ್ತು, ಪಾರ್ಸೆಲ್ ತರಿಸ್ಕೊಳ್ಳೋ ಬೆಂಗಳೂರು ಮೈಸೂರು ಕಡೆಯವರಿಗೆ ಇನ್ನೂ ಹೇಳಕ್ಕಾಗಿರ್ಲಿಲ್ಲ. ಆಟಿ ಮಳೆ ಜೋರಾಗಿ ಹೊಡೀತಿದ್ದಾಗ ನಮ್ಮ ತಾತ ತೀರ್ಕೊಂಡ್ರು. 81 ವರ್ಷ ಆಗಿತ್ತು, ಹಿಂದಿನ ವಾರದ ತನಕ ಗಲ್ಲಾ ಮೇಲೆ ಕೂತಿದ್ರು. ಅಂಗಡಿ ಮುಚ್ತೀರಾ ಅಂತ ತುಂಬಾ ಜನ ಫೋನ್ ಮಾಡಿದ್ರಿ. ಮುಚ್ಚಲ್ಲ. ಆದ್ರೆ ಪುಡಿ ರುಚಿ ಸ್ವಲ್ಪ ಬದಲಾಗತ್ತೆ, ಕುಡಿದ್ಮೇಲೆ ಬೈಸ್ಕೊಳ್ಳೋದಕ್ಕಿಂತ ಮೊದಲೇ ಹೇಳ್ಬಿಡೋಣ ಅಂತ ಈ ಪತ್ರ.

ಸೌದೆ ಒಲೆ ಮೇಲೆ ಕೈಯಲ್ಲಿ ತಿರುಗಿಸೋ ಡ್ರಮ್ ಇತ್ತಲ್ಲ, ಅದನ್ನ ನಿಲ್ಲಿಸ್ತಿದ್ದೀವಿ, ಮುಂದಿನ ತಿಂಗಳಿಂದ ಗ್ಯಾಸ್ ರೋಸ್ಟರ್. ಕಾರಣ ಇಷ್ಟೇ, ಆ ಡ್ರಮ್ಮಿಗೆ ಮೀಟರ್ ಅಂತ ಇದ್ದಿದ್ದು ತಾತನ ಕಿವಿ ಮಾತ್ರ. ಬೀಜ ಮೊದಲು ದೊಡ್ಡದಾಗಿ ಚಟಚಟ ಅನ್ನತ್ತೆ, ಆಮೇಲೆ ಒಂದೆರಡು ನಿಮಿಷ ಸುಮ್ನಿರತ್ತೆ, ಆಮೇಲೆ ಒಗ್ಗರಣೆ ಸಾಸಿವೆ ಥರ ಸಣ್ಣ ಸದ್ದು ಶುರುವಾಗತ್ತೆ, ಆ ಎರಡನೇ ಸದ್ದು ಹುಟ್ಟಿದ ತಕ್ಷಣ ತಾತ ಸೌದೆ ಎಳೆದು ಬೀಜ ಮೊರಕ್ಕೆ ಸುರೀತಿದ್ರು. ತಗಡಿನ ಮೇಲೆ ಮಳೆ ಬೀಳ್ತಿದ್ರೂ ಅವರಿಗೆ ಅದು ಹೇಗೆ ಕೇಳಿಸ್ತಿತ್ತೋ ದೇವ್ರೇ ಬಲ್ಲ, ನಮಗಂತೂ ಕೇಳಲ್ಲ. ಹೊಸ ಮಿಷನ್ನಲ್ಲಿ ಸುಮಾರು 225 ಡಿಗ್ರಿ ನೋಡ್ಕೊಂಡು ಇಳಿಸ್ತೀವಿ. ಬ್ಲೆಂಡ್ ಅದೇ, ಅರ್ಧ ಅರೇಬಿಕಾ ಅರ್ಧ ರೋಬಸ್ಟಾ. ಆ ಹೊಗೆ ವಾಸನೆ ಮಾತ್ರ ಇರಲ್ಲ. ತಾತ ಹುರಿದಿದ್ದು ಉಳಿದಿದ್ಯಾ ಅಂತ ಕೇಳ್ಬೇಡಿ, ತಿಥಿಗೆ ಬಂದೋರಿಗೆ ಕಾಫಿ ಕೊಟ್ಟು ಖಾಲಿ ಆಯ್ತು.

ಚಿಕೋರಿ ವಿಷ್ಯ, ಅಂದ್ರೆ ಕಾಫಿಪುಡಿಗೆ ಬೆರೆಸೋ ಹುರಿದ ಬೇರಿನ ಪುಡಿ. ಕಾನೂನಲ್ಲಿ 49 ಪರ್ಸೆಂಟ್ ತನಕ ಹಾಕ್ಬಹುದು, ಎಷ್ಟು ಹಾಕಿದ್ದೀವಿ ಅಂತ ಪ್ಯಾಕೆಟ್ ಮೇಲೆ ಬರೀಬೇಕು ಅಷ್ಟೇ. ತಾತ 20 ದಾಟಿಸ್ತಿರ್ಲಿಲ್ಲ, ಯಾರಾದ್ರೂ ಜಾಸ್ತಿ ಕೇಳಿದ್ರೆ "ಬೇರು ಕುಡಿಯೋಕೆ ಇಲ್ಲಿಗ್ಯಾಕೆ ಬಂದೆ" ಅಂತ ಕಳಿಸ್ತಿದ್ರು. ಇನ್ಮೇಲೆ ಎರಡೇ ಪ್ಯಾಕೆಟ್, ಬರೀ ಕಾಫಿ ಒಂದು, 80-20 ಒಂದು.

ಇನ್ನು ಫೌಜಿ ಡಿಸ್ಕೌಂಟು, ಅಂದ್ರೆ ಸೈನ್ಯದಲ್ಲಿದ್ದೋರಿಗೆ ತಾತ ರೇಟ್ ಕಮ್ಮಿ ಮಾಡ್ತಿದ್ದಿದ್ದು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಬರೀಬೇಕು. ತಾತ 1963ರಲ್ಲಿ, ಚೀನಾ ಯುದ್ಧ ಮುಗಿದ್ಮೇಲೆ ಸೈನ್ಯಕ್ಕೆ ಸೇರಿದ್ದು, ಆರ್ಮಿ ಸರ್ವೀಸ್ ಕೋರ್, ಅಂದ್ರೆ ರೇಷನ್ನು ಪೆಟ್ರೋಲು ಸಾಗಿಸೋ ಕೆಲಸ, ಲಾರಿ ಡ್ರೈವರ್ ಆಗಿ ಹೋಗಿ ಸುಬೇದಾರ್ ಆಗಿ ಬಂದ್ರು. 1971ರ ಬಾಂಗ್ಲಾ ಯುದ್ಧದಲ್ಲಿ ಪೂರ್ವದ ಕಡೆ ಇದ್ರು, ಅದಕ್ಕೆ ಕೊಟ್ಟ ಪೂರ್ವಿ ಸ್ಟಾರ್ ಮೆಡಲ್ಲು ಈಗ್ಲೂ ಬೀರುವಲ್ಲಿದೆ. ಗುಂಡು ಹಾರಿದ ಕತೆ ಕೇಳಿದ್ರೆ ಹೇಳ್ತಿರ್ಲಿಲ್ಲ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಪಾಕಿಸ್ತಾನದವರು ಶರಣಾದ್ರಲ್ಲ, ಸುಮಾರು 93,000 ಜನ ಸೆರೆ ಸಿಕ್ರು, ಅವರಿಗೂ ಹೊಟ್ಟೆ ಇದೆ ತಾನೇ, ಆ ಅಕ್ಕಿ ಬೇಳೆ ಹಿಟ್ಟು ಸಾಗಿಸಿದ್ದನ್ನ ಮಾತ್ರ ಮೂಟೆ ಲೆಕ್ಕದ ಸಮೇತ ಹೇಳ್ತಿದ್ರು. ಅವರಿಗೆ ಯುದ್ಧ ಅಂದ್ರೆ ಅದೇ.

ಅಂಗಡಿಯಲ್ಲೂ ಹಂಗೇ, ಎಲ್ಲರೂ ಒಂದೇ. ಎಸ್ಟೇಟ್ ಸಾಹುಕಾರ್ರು ಜೀಪ್ ನಿಲ್ಸಿ ಬೇಗ ಕೊಡಿ ಅಂದ್ರೆ, "ನಮ್ಮ ಕೊಡಗಿನ ಜನರಲ್ ಕಾರ್ಯಪ್ಪನವರು ಸ್ವಂತ ಮಗ 65ರ ಯುದ್ಧದಲ್ಲಿ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಾಗ್ಲೇ ಸ್ಪೆಷಲ್ ಬೇಡ ಅಂದ್ರಂತೆ, ನಿಂಗೇನಪ್ಪ ಸ್ಪೆಷಲ್ಲು" ಅನ್ನೋರು. ಲೈನಲ್ಲಿ ನಿಲ್ಲಲೇಬೇಕಿತ್ತು.

ಡಿಸ್ಕೌಂಟಿಗೆ ತಾತನ ಪರೀಕ್ಷೆ ಏನಂದ್ರೆ ಟ್ರೈನಿಂಗ್ ಎಲ್ಲಿ ಆಯ್ತು ಅಂತ ಕೇಳೋದು. ಸಿಗ್ನಲ್ಸ್ (ವೈರ್ಲೆಸ್ ಕೆಲಸದವರು) ಅಂದೋನು ಜಬಲ್ಪುರ ಅನ್ಬೇಕು, ಇಎಂಇ (ಗಾಡಿ ಮಿಷನ್ ರಿಪೇರಿಯವರು) ಅಂದ್ರೆ ಸಿಕಂದರಾಬಾದು, ಮದ್ರಾಸ್ ರೆಜಿಮೆಂಟ್ ಅಂದ್ರೆ ಊಟಿ ಹತ್ರದ ವೆಲ್ಲಿಂಗ್ಟನ್ನು. ತಡವರಿಸಿದ್ರೆ ಫುಲ್ ರೇಟು. ನಮಗೆ ಅದೆಲ್ಲ ಬರಲ್ಲ, ಹಾಗಾಗಿ ಮಾಜಿ ಸೈನಿಕರ ಕಾರ್ಡೋ ಮಿಲಿಟರಿ ಕ್ಯಾಂಟೀನ್ ಕಾರ್ಡೋ ತೋರ್ಸಿ, ಡಿಸ್ಕೌಂಟ್ ಹಾಗೇ ಇರತ್ತೆ. ಗಂಡನ್ನ ಕಳ್ಕೊಂಡಿರೋ ಅಮ್ಮಂದಿರು ಕಾರ್ಡ್ ಹುಡುಕ್ಬೇಕಿಲ್ಲ, ಬಾಯಲ್ಲಿ ಹೇಳಿದ್ರೆ ಸಾಕು.

ಗಲ್ಲಾ ಕೆಳಗೆ ತಾತನ ಉದ್ರಿ ಪುಸ್ತಕ ಸಿಕ್ತು. ಹೆಸರೇ ಇಲ್ಲ ಅದ್ರಲ್ಲಿ, ಸೈನ್ಯದ ಯಾವ ವಿಭಾಗದವರು ಅಂತ ಮಾತ್ರ (ಸ್ಯಾಪರ್ ಅಂದ್ರೆ ಸೇತುವೆ ರಸ್ತೆ ಕಟ್ಟೋರು, ಆರ್ಟಿಲರಿ ಅಂದ್ರೆ ಫಿರಂಗಿ ಹೊಡೆಯೋರು). "ಸಿಗ್ನಲ್ಸ್, ಅರ್ಧ ಕೆಜಿ." "ಸ್ಯಾಪರ್ ಹೆಂಡತಿ, ಕಾಲು, ಪಿಂಚಣಿ ಬಂದ್ಮೇಲೆ." "ಇಎಂಇ ಕುಳ್ಳ, ಒಂದು ಕೆಜಿ, ಮಗಳ ಮದುವೆ." ಒಂದು ಕಡೆ ಬರೀ "ಆರ್ಟಿಲರಿ, ಕಿವಿ ಕೇಳಲ್ಲ" ಅಂತಿದೆ, ಎಷ್ಟು ತಗೊಂಡ್ರು ಅನ್ನೋದೂ ಇಲ್ಲ. ಯಾರು ಯಾರು ಅಂತ ಗೊತ್ತಾಗ್ತಿಲ್ಲ, ಗೊತ್ತಾಗೋದೂ ಬೇಡ, ಆ ಬಾಕಿ ನಾವು ಕೇಳಲ್ಲ. ಆದ್ರೆ ತಿಂಗಳಾ ತಿಂಗಳಾ ತಾತನೇ ಸ್ಕೂಟರಲ್ಲಿ ಮನೆಗೆ ತಂದುಕೊಡ್ತಿದ್ದೋರು ಕೆಲವರಿದ್ದೀರಿ, ನಿಮ್ಮ ಮನೆ ಎಲ್ಲಿ ಅಂತ ಪುಸ್ತಕದಲ್ಲಿಲ್ಲ. ದಯವಿಟ್ಟು ಒಂದು ಫೋನ್ ಮಾಡಿ ಅಥವಾ ಪಕ್ಕದ ಮನೆ ಹುಡುಗರ ಕೈಲಿ ಹೇಳಿ ಕಳ್ಸಿ, ನಾವು ತಂದುಕೊಡ್ತೀವಿ.

ಇನ್ಮೇಲೆ ಅಂಗಡಿ ತೆಗೆಯೋದು ಬೆಳಿಗ್ಗೆ ಆರಕ್ಕಲ್ಲ, ಎಂಟೂವರೆಗೆ, ಆರಕ್ಕೆ ಏಳೋ ಶಿಸ್ತು ಈ ಮನೆಯಲ್ಲಿ ಅವರೊಬ್ಬರಿಗೇ ಇದ್ದಿದ್ದು. ಭಾನುವಾರ ರಜೆ. ರೇಟ್ ಸದ್ಯಕ್ಕೆ ಅದೇ, ರೋಬಸ್ಟಾ ಇನ್ನೂ ಏರಿದ್ರೆ ತಿಳಿಸ್ತೀವಿ. ಹೊಸ ಪುಡಿ ಎರಡು ಸಲ ಕುಡಿದು ನೋಡಿ, ಜಾಸ್ತಿ ಕಪ್ಪಾಯ್ತು ಕಮ್ಮಿ ಆಯ್ತು ಅನ್ಸಿದ್ರೆ ಪ್ಯಾಕೆಟ್ ಮೇಲಿರೋ ತಾರೀಕು ಹೇಳಿ, ಮುಂದಿನ ಲಾಟಲ್ಲಿ ಸರಿ ಮಾಡ್ತೀವಿ.

ಇತಿ,
ಅಂಗಡಿ ಮನೆಯವರು, ಸೋಮವಾರಪೇಟೆ